ಕೋಡಿ ನೀರಿಗಿಳಿದ ಜೀಪು

ಕೆಂಪರಾಜು ತನ್ನ ತಮ್ಮನ ಅಂಗಳಕ್ಕೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಎರಡು ಮನೆಗಳ ನಡುವೆ ಇದ್ದದ್ದು ಮೊಣಕಾಲೆತ್ತರದ ಒಂದು ಮೋಟು ಗೋಡೆ. ದಾಟುವುದಕ್ಕೆ ಒಂದು ಹೆಜ್ಜೆ ಸಾಕು. ಆ ಹೆಜ್ಜೆ ಇಡುವುದಕ್ಕಿಂತ ಸಾಯುವುದು ಮೇಲು ಎಂದು ಹಾಲಿನ ಡೈರಿಯ ಮುಂದೆ ನಿಂತು ಊರವರಿಗೆಲ್ಲ ಕೇಳಿಸುವಂತೆ ಹೇಳಿದ್ದವನು ಅವನೇ. ಈಗ ಸಾಯುವ ಸರದಿ ಬಂದದ್ದು ಅವನಿಗಲ್ಲ, ಅವನ ರೇಷ್ಮೆ ಹುಳುಗಳಿಗೆ. ಹಾಗಾಗಿ ಬೆಳಗ್ಗೆ ಕಾಫಿಯನ್ನೂ ಕುಡಿಯದೆ, ಮುಖವನ್ನು ಸುಟ್ಟ ಬದನೆಕಾಯಿ ಮಾಡಿಕೊಂಡು ಆ ಹೆಜ್ಜೆ ಇಟ್ಟ.

ಆ ವರ್ಷ ಮಳೆ ಮರ್ಯಾದೆ ಮೀರಿ ಸುರಿದಿತ್ತು. ದೊಡ್ಡಬೆಳವಂಗಲದ ಆಚೆಗಿರುವ ಆ ಸಣ್ಣ ಊರಿನಲ್ಲಿ ಕೆರೆ ತುಂಬಿ ಕೋಡಿ ಹರಿದದ್ದನ್ನು ಹಿಂದೆ ನೋಡಿದ್ದವರೆಂದರೆ ಮುದುಕರು ಮಾತ್ರ. ಕೋಡಿ ಬಿದ್ದ ದಿನ ಊರೆಲ್ಲ ಹೋಗಿ ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು, ನೀರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಬಂತು. ಮರುದಿನ ಅದೇ ನೀರು ಊರಿಗೂ ತೋಟಗಳಿಗೂ ನಡುವಿನ ದಾರಿಯನ್ನು ನುಂಗಿ ಹರಿಯತೊಡಗಿದಾಗ ಕೈಮುಗಿದವರೇ ಬಾಯಿಗೆ ಬಂದಂತೆ ಬೈದರು. ಸುತ್ತಿಕೊಂಡು ಹೋಗುವ ಇನ್ನೊಂದು ಮಣ್ಣಿನ ದಾರಿ ಇತ್ತು, ಅದನ್ನು ಹಳ್ಳ ಅಡಿಯಿಂದಲೇ ಕಿತ್ತುಕೊಂಡು ಹೋಗಿತ್ತು.

ಕೆಂಪರಾಜುವಿನ ಹುಳು ಮನೆ ಊರೊಳಗೆ, ಹಿಪ್ಪುನೇರಳೆ ತೋಟ ನೀರಿನ ಆಚೆ ದಡದಲ್ಲಿ. ಹುಳುಗಳು ನಾಲ್ಕನೆಯ ಜ್ವರ ಬಿಟ್ಟು, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದಿದ್ದವು. ಆ ಹಂತಕ್ಕೆ ಬಂದ ಹುಳುವಿಗೆ ಹಗಲು ರಾತ್ರಿ ತಿನ್ನುವುದೊಂದೇ ಕೆಲಸ. ಹಣ್ಣಾಗಿ ಗೂಡು ಕಟ್ಟುವವರೆಗೆ ಸೊಪ್ಪು ಸುರಿಯುತ್ತಲೇ ಇರಬೇಕು. ತಪ್ಪಿದರೆ ಅಷ್ಟು ದಿನ ಮಾಡಿದ ಚಾಕರಿಯನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿದ ಹಾಗೆ. ಅವನ ಹೆಂಡತಿ ಭಾನುಪ್ರಿಯಾ ಉಳಿದಿದ್ದ ಸೊಪ್ಪನ್ನು ಕಡ್ಡಿಸಮೇತ ಹಾಸಿ ಮುಗಿಸಿ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹುಳು ಮನೆಯ ಬಾಗಿಲಲ್ಲಿ ಕೂತುಬಿಟ್ಟಿದ್ದಳು. ಈಚೆ ದಡದಲ್ಲಿ ಸೊಪ್ಪಿದ್ದವರಿಗೆಲ್ಲ ಅವರದೇ ಹುಳುವಿತ್ತು. ಬೇರೆ ಊರಿನಿಂದ ಕೊಂಡು ತರೋಣವೆಂದರೆ ಯಾರು ಯಾವ ಔಷಧಿ ಹೊಡೆದಿದ್ದಾರೋ, ನಂಬಿ ಹಾಕಿದರೆ ಸಂಜೆಗೇ ಹುಳು ಕಪ್ಪಾಗುತ್ತದೆ. ಅದೇ ಊರಿನ ಕೊಂಡಪ್ಪನ ಟ್ರ್ಯಾಕ್ಟರು ಹಿಂದಿನ ದಿನ ಆ ನೀರಿಗೆ ಇಳಿದಿತ್ತು. ಟ್ರೈಲರು ಪಕ್ಕಕ್ಕೆ ವಾಲಿ ಟ್ರ್ಯಾಕ್ಟರನ್ನೂ ಎಳೆಯತೊಡಗಿದಾಗ ಊರವರೆಲ್ಲ ಹಗ್ಗ ಹಾಕಿ ಜಗ್ಗಿ ಉಳಿಸಿದ್ದರು. ಅಲ್ಲಿಂದ ಮುಂದೆ ಯಾರ ಟ್ರ್ಯಾಕ್ಟರೂ ಆ ಕಡೆ ತಲೆ ಹಾಕಲಿಲ್ಲ. ಉಳಿದದ್ದು ತಮ್ಮ ಮಂಜೇಶನ ಜೀಪು ಒಂದೇ.

ಅದು ಅವರಪ್ಪ ಮುನಿವೆಂಕಟಪ್ಪ ಯಾವುದೋ ಸರ್ಕಾರಿ ಹರಾಜಿನಲ್ಲಿ ಹಿಡಿದು ತಂದಿದ್ದ ಹಳೆಯ ಡೀಸೆಲ್ ಜೀಪು. ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು. ಅಪ್ಪ ಸತ್ತ ಮೇಲೆ ಆಸ್ತಿ ಭಾಗಕ್ಕೆ ಬಂತು. ಅವರ ಮನೆತನದ ಪದ್ಧತಿಯಂತೆ ಹಿರಿಯ ಮಗ ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡಿದವನಿಗೆ ಆರಿಸುವ ಹಕ್ಕಿಲ್ಲದ ಮೇಲೆ ಅವನು ಮೋಸ ಮಾಡಲಾರ ಎಂಬುದು ಹಿರಿಯರ ಲೆಕ್ಕಾಚಾರ. ಪಾಪ, ಆ ಹಿರಿಯರಿಗೆ ಕೆಂಪರಾಜು ಗೊತ್ತಿರಲಿಲ್ಲ. ಅವನು ಕೊಳವೆಬಾವಿ ಇದ್ದ ತೋಟವನ್ನು ಒಂದು ಪಾಲಿಗೆ ಇಟ್ಟ. ಹೈಟೆನ್ಷನ್ ತಂತಿಯ ಕೆಳಗೆ ಬಿದ್ದಿರುವ, ಸೈಟು ಮಾಡುವವರೂ ಮೂಸಿ ನೋಡದ ಮೊರಂಬು ಗುಡ್ಡೆಯನ್ನು ಇನ್ನೊಂದು ಪಾಲಿಗೆ ಇಟ್ಟು, ಅದರ ಜೊತೆಗೆ ಜೀಪನ್ನು ಸೇರಿಸಿದ. ಬುದ್ಧಿ ಬಂದಾಗಿನಿಂದ ಆ ಜೀಪಿನ ಕೆಳಗೇ ಮಲಗಿ ಎಣ್ಣೆ ಮೆತ್ತಿಕೊಂಡು ಬೆಳೆದ ಮಂಜೇಶ ಬೇರೆ ಏನನ್ನು ಕೇಳಿಯಾನು? ಪಂಚಾಯ್ತಿಗೆ ಕೂತವರ ಮುಂದೆ ಜೀಪಿರುವ ಪಾಲು ನನಗಿರಲಿ ಎಂದ. ಕೆಂಪರಾಜು ತಮ್ಮನಿಗಾಗಿ ಎಲ್ಲ ಬಿಟ್ಟುಕೊಟ್ಟ ಅಣ್ಣನ ಹಾಗೆ ತಲೆ ತಗ್ಗಿಸಿ ಕೂತಿದ್ದ.

ಮಂಜೇಶನಿಗೆ ಅರ್ಥವಾದದ್ದು ಹೆಣ್ಣು ನೋಡಲು ಶುರು ಮಾಡಿದಾಗ. ಹೆಣ್ಣಿನ ಕಡೆಯವರು ಬರುವರು, ಜಮೀನು ತೋರಿಸಿ ಎನ್ನುವರು, ಗುಡ್ಡೆ ನೋಡುವರು, ಕಾಫಿ ಕುಡಿದು ಹೋಗುವರು. ಸೋಂಪುರದ ಕಾರ್ಖಾನೆಯಲ್ಲಿ ಅವನಿಗೆ ಕೆಲಸವಿತ್ತು, ಆದರೆ ನೀರಿಲ್ಲದ ನೆಲದವನಿಗೆ ಹೆಣ್ಣು ಕೊಡುವವರು ಸಿಗಲಿಲ್ಲ. ಹಾಗೆ ಒಂದು ಸಂಬಂಧ ಮುರಿದ ದಿನ ಅವನು ಮೋಟು ಗೋಡೆಯ ಈಚೆ ನಿಂತು, ಬೇಕೆಂದೇ ಜೀಪನ್ನು ಆ ಪಾಲಿಗೆ ಸೇರಿಸಿದೆಯಲ್ಲ ಎಂದು ಅಣ್ಣನನ್ನು ಕೇಳಿದ. ಆರಿಸಿಕೊಂಡವನು ನೀನು ಎಂದು ಕೆಂಪರಾಜು ಹೇಳಿದ. ಅವರಿಬ್ಬರ ನಡುವೆ ನಡೆದ ಕೊನೆಯ ಮಾತು ಅದು. ಆಮೇಲೆ ಮಾತು ಬಿಟ್ಟರು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ಅವರಮ್ಮ ಗಂಗಲಕ್ಷ್ಮಮ್ಮನಿಗೆ ಹೇಳುತ್ತಿದ್ದರು. ಮದುವೆಯಾಗದ ಕಿರಿಮಗನಿಗೆ ಬೇಯಿಸಿ ಹಾಕಿಕೊಂಡು ಅವನ ಮನೆಯಲ್ಲಿದ್ದ ಆಕೆ, ಇವನು ಹೇಳಿದ್ದನ್ನು ಅವನಿಗೂ ಅವನು ಹೇಳಿದ್ದನ್ನು ಇವನಿಗೂ ಒಪ್ಪಿಸುತ್ತಿದ್ದಳು. ಇಬ್ಬರೂ ಕೈಗೆಟುಕುವಷ್ಟು ಹತ್ತಿರ ನಿಂತಿದ್ದರೂ ಅಷ್ಟೇ.

ಆ ಬೆಳಗ್ಗೆಯೂ ಅಷ್ಟೇ. ಗಂಗಲಕ್ಷ್ಮಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಮಂಜೇಶ ಜೀಪಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಏನೋ ಒರೆಸುತ್ತಿದ್ದ. ಅಣ್ಣ ಬಂದದ್ದು ಗೊತ್ತಾಗಿಯೂ ಕತ್ತು ತಿರುಗಿಸಲಿಲ್ಲ. ಹುಳುವಿಗೆ ಸೊಪ್ಪಿಲ್ಲ, ತೋಟಕ್ಕೆ ಹೋಗಿ ಬರಲು ಜೀಪು ಬೇಕಾಗಿತ್ತು ಎಂದು ಕೆಂಪರಾಜು ಅಮ್ಮನಿಗೆ ಹೇಳಿದ. ಅವಳು ಮೊರ ಕೆಳಗಿಡದೆ ಅದನ್ನೇ ಕಿರಿಯವನಿಗೆ ಹೇಳಿದಳು. ಮಂಜೇಶ ಬಟ್ಟೆಯನ್ನು ಹಿಂಡಿ ಚಕ್ರದ ಮೇಲೆ ಹರವಿದ.

"ಅಮ್ಮ, ಜೀಪು ಯಾರ ಪಾಲಿಂದು ಅಂತ ಕೇಳು."

ಅವಳು ಕೇಳಿದಳು. ಅವನದು ಎಂದ ಕೆಂಪರಾಜು.

"ತೋಟ ಯಾರ ಪಾಲಿಂದು ಅಂತ ಕೇಳು."

ನನ್ನದು ಎಂದ ಕೆಂಪರಾಜು.

"ಇವತ್ತು ಯಾವ ಪಾಲು ದೊಡ್ಡದು ಅಂತ ಕೇಳು."

ಕೆಂಪರಾಜುವಿಗೆ ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೆ ಗೋಡೆಯ ಆಚೆ ಭಾನುಪ್ರಿಯಾ ನಿಂತಿದ್ದಳು, ಅವಳ ಮುಖ ನೋಡಿದ. ಅವನದೇ ದೊಡ್ಡದು ಅಂತ ಹೇಳಮ್ಮ ಎಂದು ಹಲ್ಲು ಕಚ್ಚಿಕೊಂಡು ಹೇಳಿದ. ಗಂಗಲಕ್ಷ್ಮಮ್ಮ ಅದನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಒಪ್ಪಿಸಿದಳು. ಅವಳಿಗೂ ಹಿರಿಮಗನ ಮೇಲೆ ಸಿಟ್ಟು ಕಡಿಮೆಯಿರಲಿಲ್ಲ.

ಮಂಜೇಶ ಒಪ್ಪಿದ. ಅಣ್ಣನ ಮೇಲಿನ ಕನಿಕರಕ್ಕಲ್ಲ. ಗುಡ್ಡೆಯನ್ನೂ ಗುಜರಿಯನ್ನೂ ಕಟ್ಟಿಕೊಂಡವನು ಎಂದು ಊರು ಅವನನ್ನು ಆಡಿಕೊಂಡು ಸಾಕಾಗಿತ್ತು. ರಜೆ ಸಿಕ್ಕ ಭಾನುವಾರಗಳಲ್ಲಿ ಅವನು ಬೆಂಗಳೂರಿನ ಶೋಕಿಯವರ ಜೊತೆ ಜೀಪು ಓಡಿಸಲು ಹಳ್ಳಕೊಳ್ಳ ಹುಡುಕಿಕೊಂಡು ಹೋಗುತ್ತಿದ್ದುದನ್ನು ಕಂಡು, ದುಡ್ಡು ಕೊಟ್ಟು ಕೆಸರಿಗೆ ಬೀಳುವ ಹುಚ್ಚ ಎಂದು ನಗುತ್ತಿದ್ದರು. ಇಂದು ಅದೇ ಊರು ದಡದಲ್ಲಿ ನಿಂತು ನೋಡಲಿ ಎಂಬುದು ಅವನ ಆಸೆ. ಆದರೆ ಒಂದು ಷರತ್ತು ಹಾಕಿದ. ಜೀಪು ಓಡಿಸುವುದು ತಾನು; ನೀರಿನ ತಳ ಎಲ್ಲಿ ಕೊರೆದಿದೆ ಎಂದು ನೋಡಲು ಒಬ್ಬರು ಕೋಲು ಹಿಡಿದು ಮುಂದೆ ನಡೆಯಬೇಕು, ಆ ಕೆಲಸ ಅಣ್ಣನದು. ಸೊಂಟದವರೆಗೆ ನೀರಲ್ಲಿ ಜೀಪಿನ ಮುಂದೆ ದನದ ಹಾಗೆ ನಡೆಯುವ ತನ್ನನ್ನು ಊರು ನೋಡುತ್ತದೆ ಎಂಬುದು ಕೆಂಪರಾಜುವಿಗೆ ಹೊಳೆಯದೇ ಇರಲಿಲ್ಲ. ಹೂಂ ಅನ್ನದೆ ಗತಿಯಿರಲಿಲ್ಲ.

ಮಂಜೇಶ ಜೀಪನ್ನು ನೀರಿಗೆ ಅಣಿಮಾಡತೊಡಗಿದ. ಕೆಂಪರಾಜು ಮೋಟು ಗೋಡೆಯ ಮೇಲೆ ಕೂತು ರೆಪ್ಪೆ ಮುಚ್ಚದೆ ನೋಡುತ್ತಿದ್ದ. ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯನ್ನು ಮಂಜೇಶ ಮೊದಲೇ ಗಾಜಿನ ಪಕ್ಕದಿಂದ ಜೀಪಿನ ನೆತ್ತಿಯವರೆಗೆ ಏರಿಸಿದ್ದ. ಈಗ ಅದರ ಬೆಸುಗೆಗಳಿಗೆಲ್ಲ ಗ್ರೀಸು ಬಳಿದು ರಬ್ಬರು ಸುತ್ತಿದ. ಹೊಗೆ ಬಿಡುವ ಪೈಪಿಗೆ ಇನ್ನೊಂದು ಪೈಪು ಜೋಡಿಸಿ ಸೀಟಿಗಿಂತ ಮೇಲಕ್ಕೆ ಎತ್ತಿ ಕಟ್ಟಿದ. ಚಕ್ರಗಳ ಅಚ್ಚಿನ ಮೇಲಿರುವ ಉಸಿರಾಡುವ ಸಣ್ಣ ತೂತುಗಳಿಗೆ ಪ್ಲಾಸ್ಟಿಕ್ ಟ್ಯೂಬು ಸಿಕ್ಕಿಸಿ ಅವನ್ನೂ ಮೇಲಕ್ಕೆ ತಂದ. ಜೀಪಿನ ಅಡಿಗೆ ಬೆನ್ನಮೇಲೆ ತೆವಳಿಕೊಂಡು ಹೋಗಿ ಕ್ಲಚ್ಚಿನ ಕೆಳಗಿನ ತೂತಿಗೆ ಬೋಲ್ಟು ತಿರುಗಿಸಿದ. ಕೊನೆಗೆ ಬಾನೆಟ್ಟು ಎತ್ತಿ ಸ್ಪ್ಯಾನರು ಹಾಕಿ ಏನನ್ನೋ ಸಡಿಲಿಸಿ, ಫ್ಯಾನ್ ಬೆಲ್ಟನ್ನು ಬಿಚ್ಚಿ ತೆಗೆದು, ಓಡಿಸುವವನ ಸೀಟಿನ ಕೆಳಗೆ ತಳ್ಳಿದ. ಬಾನೆಟ್ಟು ಮುಚ್ಚಿ, ಕೈ ತೊಳೆದು, ಅಮ್ಮನ ಜೊತೆ ಮುದ್ದೆ ಉಣ್ಣಲು ಒಳಗೆ ಹೋದ.

ಕೆಂಪರಾಜು ಗೋಡೆಯ ಮೇಲಿಂದ ಇಳಿದು ಜೀಪಿನ ಹತ್ತಿರ ಬಂದ. ಅಪ್ಪನ ಕಾಲದಲ್ಲಿ ಅವನೂ ಆ ಜೀಪು ಓಡಿಸಿದ್ದ. ಫ್ಯಾನ್ ಬೆಲ್ಟು ಕಿತ್ತುಹೋದರೆ ಎಂಜಿನ್ನು ಕುದಿದು ನಿಲ್ಲುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ದಾಬಸ್‌ಪೇಟೆಯ ರಸ್ತೆಯಲ್ಲಿ ಹಾಗೆ ನಿಂತು ಅಪ್ಪನಿಂದ ಉಗಿಸಿಕೊಂಡದ್ದೂ ಉಂಟು. ಹಾಗಾದರೆ ಇವನು ಬೇಕೆಂದೇ ಬಿಚ್ಚಿದ್ದಾನೆ. ಸೊಪ್ಪು ತುಂಬಿಕೊಂಡು ಬರುವಾಗ ನಡು ನೀರಿನಲ್ಲಿ ಜೀಪು ಕೆಟ್ಟು ನಿಲ್ಲುತ್ತದೆ. ಹಳೆಯ ಗಾಡಿ, ನಾನೇನು ಮಾಡಲಿ ಎಂದು ಇವನು ಇಳಿದು ಹೋಗುತ್ತಾನೆ. ಹುಳು ಸಾಯುತ್ತವೆ, ಕೊಂದ ಕೈ ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಯಾರನ್ನೂ ಕೇಳದೆ, ಒಂದೇ ಒಂದು ಗಳಿಗೆ ಅನುಮಾನಿಸದೆ ಕೆಂಪರಾಜು ಇಷ್ಟೆಲ್ಲ ಪೋಣಿಸಿಬಿಟ್ಟ. ಇಂಥ ಕೆಲಸ ಹೇಗೆ ಮಾಡಬೇಕೆಂಬುದು ಅವನಿಗೆ ಹೊಸದೇನಾಗಿರಲಿಲ್ಲ.

ಯಾಕೆ ಬಿಚ್ಚಿದ್ದು ಎಂದು ಕೇಳಬಹುದಿತ್ತು. ನೇರವಾಗಿ ಬೇಡ, ಅಮ್ಮನ ಮೂಲಕವೇ ಕೇಳಬಹುದಿತ್ತು. ಬೆಳಗ್ಗೆ ಅಷ್ಟು ತಗ್ಗಿದ್ದು ಸಾಕು, ಇನ್ನೊಂದು ಸಲ ಬಾಯಿ ತೆರೆಯಲಾರೆ ಎಂದುಕೊಂಡ. ಸದ್ದಾಗದಂತೆ ಬಾನೆಟ್ಟು ಎತ್ತಿದ, ಸೀಟಿನ ಕೆಳಗಿನಿಂದ ಬೆಲ್ಟು ತೆಗೆದ, ತಮ್ಮನ ಸ್ಪ್ಯಾನರಿನಿಂದಲೇ ಅದನ್ನು ಮೊದಲಿದ್ದ ಹಾಗೆ ಹಾಕಿ ಬಿಗಿದ. ಕೈಗೆ ಹತ್ತಿದ ಮಸಿಯನ್ನು ಲುಂಗಿಯ ಒಳಮಗ್ಗುಲಿಗೆ ಒರೆಸಿಕೊಂಡು ಬಂದು ಗೋಡೆಯ ಮೇಲೆ ಕೂತ. ನನ್ನನ್ನು ಬಲಿ ಹಾಕುತ್ತೀಯಾ ಎಂದು ಒಳಗೊಳಗೇ ಬೀಗಿದ.

ದಡದಲ್ಲಿ ಊರು ಸೇರಿತ್ತು, ಗಂಗಲಕ್ಷ್ಮಮ್ಮನೂ ಭಾನುಪ್ರಿಯಾಳೂ ಬಂದು ನಿಂತಿದ್ದರು. ಮಂಜೇಶ ಜೀಪಿನ ಮುಖಕ್ಕೆ ಟಾರ್ಪಾಲು ಬಿಗಿದು ಕಟ್ಟಿದ. ಚಕ್ರದ ಅಚ್ಚುಗಳು ತಣಿಯಲೆಂದು ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಎಂಜಿನ್ನು ಶುರು ಮಾಡಿದ. ಒಂದು ಕ್ಷಣ ಕಿವಿ ಕೊಟ್ಟು ಕೇಳಿದಂತೆ ಕಂಡಿತು. ಆದರೆ ಎತ್ತಿ ಕಟ್ಟಿದ ಪೈಪು ಅವನ ಕಿವಿಯ ಬುಡದಲ್ಲೇ ಅಬ್ಬರಿಸುತ್ತಿತ್ತು, ಅದರಲ್ಲಿ ಬೇರೆ ಸದ್ದು ಕೇಳುವ ಹಾಗಿರಲಿಲ್ಲ. ಕೆಂಪರಾಜು ಲುಂಗಿ ಎತ್ತಿ ಕಟ್ಟಿ, ಬಿದಿರಿನ ಕೋಲು ಊರುತ್ತ ಮುಂದೆ ಇಳಿದ. ಹಿಂದೆ ಜೀಪು ನಿಧಾನಕ್ಕೆ, ಒಂದೇ ವೇಗದಲ್ಲಿ, ನೀರನ್ನು ಮುಂದಕ್ಕೆ ತಳ್ಳಿಕೊಂಡು ಬಂತು. ಯಾರೋ ಹುಡುಗರು ಶಿಳ್ಳೆ ಹೊಡೆದರು. ಅದು ತಮ್ಮನಿಗೆ ಹೊಡೆದದ್ದೋ ತನಗೆ ಹೊಡೆದದ್ದೋ ಎಂದು ಕೆಂಪರಾಜು ಹೊಟ್ಟೆ ಉರಿದುಕೊಂಡ. ಜೀಪು ಆಚೆ ದಡ ಹತ್ತಿತು. ಬೆಲ್ಟು ಹಾಕಿದ್ದರಿಂದಲೇ ಹತ್ತಿದ್ದು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ತೋಟ ದಡದಿಂದಲೇ ಶುರುವಾಗುತ್ತಿತ್ತು. ಮಂಜೇಶ ಒಳಗೆ ಕಾಲಿಡಲಿಲ್ಲ. ಜೀಪಿಗೆ ಒರಗಿ, ಅಂಗೈ ಅಗಲದ ಎಲೆ ಬಿಟ್ಟು ಕಪ್ಪಗೆ ನಿಂತಿದ್ದ ಸಾಲುಗಳನ್ನು ನೋಡುತ್ತಿದ್ದ. ಅವನು ಹಾಗೆ ನೋಡುವುದನ್ನು ಕೆಂಪರಾಜುವಿಗೆ ಸಹಿಸಲಾಗಲಿಲ್ಲ. ಬೆನ್ನು ತಿರುಗಿಸಿಕೊಂಡು ಒಬ್ಬನೇ ಕೊಯ್ದ, ಕಟ್ಟು ಕಟ್ಟಿದ, ಒಬ್ಬನೇ ಹೊತ್ತು ತಂದು ಜೀಪಿಗೆ ತುಂಬಿದ. ಇನ್ನೊಂದು ಸಲ ಕೇಳುವ ಗ್ರಹಚಾರ ಬೇಡವೆಂದು ಜೀಪಿನ ಸ್ಪ್ರಿಂಗು ಕುಸಿಯುವಷ್ಟು ತುಂಬಿದ. ಅಷ್ಟು ತುಂಬಿದರೂ ಅದು ಒಂದು ದಿನದ ಮೇವು.

ವಾಪಸು ಬರುವಾಗ ಜೀಪು ತೂಕಕ್ಕೆ ಇನ್ನಷ್ಟು ಮುಳುಗಿತ್ತು. ನಡು ನೀರಿಗೆ ಬಂದಾಗ, ಅಷ್ಟರಲ್ಲಿ ನೀರು ಹೊಸದಾಗಿ ಕೊರೆದಿದ್ದ ಗುಂಡಿಯಲ್ಲಿ ಕೆಂಪರಾಜುವಿನ ಕೋಲು ತಳ ಸಿಗದೆ ಇಳಿದುಹೋಯಿತು, ಅದರ ಹಿಂದೆ ಅವನೂ ಹೋದ. ಒಂದು ಗಳಿಗೆ ಬರೀ ಕೆಂಪು ನೀರು, ಮೂಗು ಬಾಯಿಗೆಲ್ಲ ಮಣ್ಣು. ಹೇಗೋ ಕಾಲಿಗೆ ನೆಲ ಸಿಕ್ಕಿ ತಲೆ ಎತ್ತಿದಾಗ ಜೀಪಿನ ಮುಖ ಅವನ ಮುಖದ ಹತ್ತಿರವೇ ನಿಂತಿತ್ತು. ಮಂಜೇಶ ಬ್ರೇಕು ತುಳಿದು ನಿಲ್ಲಿಸಿದ್ದ. ನೀರಿನಲ್ಲಿ ನಿಲ್ಲಿಸಬಾರದು, ನಿಲ್ಲಿಸಿದರೆ ಮುಂದೆ ತಳ್ಳಿಕೊಂಡು ಬರುತ್ತಿದ್ದ ಅಲೆ ಬಾನೆಟ್ಟಿನೊಳಕ್ಕೆ ನುಗ್ಗುತ್ತದೆ. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ನಿಲ್ಲಿಸಿದ್ದ, ಇಲ್ಲದಿದ್ದರೆ ಅಣ್ಣನ ಮೇಲೆ ಹತ್ತಿಸಬೇಕಾಗುತ್ತಿತ್ತು.

ಬಾನೆಟ್ಟಿನ ಒಳಗೆ ಕಬ್ಬಿಣ ಕಚ್ಚಿ ಮುರಿದ ಸದ್ದಾಯಿತು. ಬುಸ್ಸೆಂದು ಹಬೆ ಎದ್ದಿತು. ಎಂಜಿನ್ನು 'ಗಟಗಟ' ಎಂದು ಎರಡು ಸಲ ಜಗ್ಗಿ ನಿಂತಿತು. ಮಂಜೇಶ ಮತ್ತೆ ಮತ್ತೆ ತಿರುಗಿಸಿದ, ಅದು ಮಿಸುಕಲಿಲ್ಲ.

ಅವನು ನೀರಿಗೆ ಧುಮುಕಿ ಬಂದು ಟಾರ್ಪಾಲು ಕಿತ್ತು ಬಾನೆಟ್ಟು ಎತ್ತಿದ. ಕೆಂಪರಾಜುವೂ ನೋಡಿದ. ಫ್ಯಾನಿನ ರೆಕ್ಕೆಗಳು ಒಳಗೆ ನುಗ್ಗಿದ ನೀರನ್ನು ಬಡಿದು, ಬಾಗಿ, ಮುಂದಿದ್ದ ರೇಡಿಯೇಟರನ್ನು ಬಗೆದು ಅದರೊಳಗೆ ಸಿಕ್ಕಿಕೊಂಡಿದ್ದವು. ಬೆಲ್ಟು ಇಲ್ಲದಿದ್ದರೆ ಫ್ಯಾನು ತಿರುಗುತ್ತಿರಲಿಲ್ಲ. ತಿರುಗದ ಫ್ಯಾನಿಗೆ ನೀರು ಏನೂ ಮಾಡುವುದಿಲ್ಲ. ಇಷ್ಟು ಚಿಕ್ಕ ದೂರಕ್ಕೆ ಎಂಜಿನ್ನು ಕುದಿಯುವುದೂ ಇಲ್ಲ. ನೀರಿಗೆ ಇಳಿಸುವ ಮುಂಚೆ ಬೆಲ್ಟು ಬಿಚ್ಚುವುದು ಇದಕ್ಕೇ ಎಂದು ಕೆಂಪರಾಜುವಿಗೆ ಯಾರೂ ಹೇಳಬೇಕಾಗಲಿಲ್ಲ. ಒಡೆದ ರೇಡಿಯೇಟರು ಹೇಳಿತು. ಮಂಜೇಶ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದ. ಅಣ್ಣನ ಕಡೆ ನೋಡಲಿಲ್ಲ.

ಆಮೇಲೆ ಅವನು ಮಾಡಿದ್ದನ್ನು ಕೆಂಪರಾಜು ನಿರೀಕ್ಷಿಸಿರಲಿಲ್ಲ. ಜೀಪಿನ ಹಿಂಬದಿಗೆ ಹೋಗಿ ಸೊಪ್ಪಿನ ಕಟ್ಟು ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಗುಂಡಿ ತಪ್ಪಿಸಿ ಊರ ಕಡೆಯ ದಡಕ್ಕೆ ನಡೆದ. ಭಾನುಪ್ರಿಯಾಳ ಮುಂದೆ ಅದನ್ನು ಒಣ ಜಾಗ ನೋಡಿ ಇಳಿಸಿ ಮತ್ತೆ ಬಂದ. ನೆನೆದ ಸೊಪ್ಪು ತಿಂದರೆ ಹುಳುವಿಗೆ ರೋಗ ಬರುತ್ತದೆಂದು ಅವನಿಗೂ ಗೊತ್ತಿತ್ತು, ಒಂದು ಕಟ್ಟನ್ನೂ ನೆನೆಯಲು ಬಿಡಲಿಲ್ಲ. ಇಬ್ಬರೂ ಹೊತ್ತರು, ಒಬ್ಬರನ್ನೊಬ್ಬರು ದಾಟಿಕೊಂಡು ಹೋದರು, ಬಂದರು. ಜೀಪು ಖಾಲಿಯಾದ ಮೇಲೆ ಮಂಜೇಶ ದಡದಲ್ಲಿ ನಿಂತು ಮುಖ ಒರೆಸಿಕೊಂಡ.

"ಅಮ್ಮ, ಫ್ಯಾನ್ ಬೆಲ್ಟು ನಾನು ಬಿಚ್ಚಿ ಸೀಟಿನ ಕೆಳಗಿಟ್ಟಿದ್ದೆ. ಯಾರು ಹಾಕಿದ್ದು ಅಂತ ಕೇಳು."

ಗಂಗಲಕ್ಷ್ಮಮ್ಮ ಹಿರಿಯವನ ಕಡೆ ತಿರುಗಿದಳು. ಹಾಕುವಾಗ ನೋಡಿದವರು ಯಾರೂ ಇರಲಿಲ್ಲ. ಬಿಚ್ಚಿದ್ದೇನೆ ಅಂದುಕೊಂಡು ಮರೆತಿದ್ದಾನೆ ಎಂದರೆ ಮುಗಿಯಿತು; ಹುಚ್ಚನ ಮಾತಿಗಿಂತ ತನ್ನ ಮಾತನ್ನೇ ಊರು ನಂಬುತ್ತದೆ. ಆ ಮಾತು ಕೆಂಪರಾಜುವಿನ ನಾಲಿಗೆಯ ತುದಿಗೆ ಬಂತು. ತಮ್ಮನ ಕೂದಲಿನಿಂದ ನೀರು ಇಳಿಯುತ್ತಿತ್ತು, ಹೆಗಲ ಮೇಲೆ ಸೊಪ್ಪಿನ ಚೂರುಗಳು ಅಂಟಿದ್ದವು. ಕೆಂಪರಾಜುವಿಗೆ ನಾಚಿಕೆಯಾಯಿತು. ಬದುಕಿನಲ್ಲಿ ಮೊದಲ ಸಲ, ತೊಗಲು ಸುಲಿದಂತೆ ನಾಚಿಕೆಯಾಯಿತು.

ಅವನು ಅಮ್ಮನನ್ನು ಬಿಟ್ಟು ನೇರವಾಗಿ ತಮ್ಮನನ್ನು ನೋಡಿದ.

"ನಾನೇ ಹಾಕ್ದೆ ಕಣೋ. ನನ್ನ ಹುಳ ಸಾಯ್ಲಿ ಅಂತ ನೀನು ಬಿಚ್ಚಿದೀಯ ಅಂದ್ಕೊಂಡೆ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹಂಗೇ ಮಾಡ್ತಿದ್ದೆ, ಮಂಜ."

ಮಂಜೇಶ ಅಮ್ಮನ ಕಡೆಯೇ ನೋಡುತ್ತಿದ್ದ. ಗಂಗಲಕ್ಷ್ಮಮ್ಮ ಅಭ್ಯಾಸಬಲದಿಂದ ಅವನ ಕಡೆ ತಿರುಗಿ, ನಿನ್ನ ಜಾಗದಲ್ಲಿ ಅವನಿದ್ದಿದ್ದರೆ ಎಂದು ಶುರು ಮಾಡಿದಳು.

"ಬೇಡಮ್ಮ," ಎಂದ ಮಂಜೇಶ. "ಕೇಳಿಸ್ತು."

ಅಷ್ಟೇ ಹೇಳಿ ಮನೆಯ ಕಡೆ ನಡೆದ.

ಆ ದಿನಕ್ಕೆ ಹುಳು ಉಳಿದವು. ಮರುದಿನದ ಮೇವಿಗೆ ಕೆಂಪರಾಜು ಬೆಳಗಾಗುತ್ತಲೇ ಗೋಣಿಚೀಲ ಮಡಿಸಿ ತಲೆಗೆ ಸುತ್ತಿಕೊಂಡು ನೀರಿಗಿಳಿದ. ಜೀಪು ಇಲ್ಲ, ಬೇರೆ ಯಾರೂ ಬರುವುದಿಲ್ಲ. ತಲೆಯ ಮೇಲೆ ಎಷ್ಟು ಹಿಡಿಯುತ್ತದೋ ಅಷ್ಟನ್ನು ತರಬೇಕು, ಮತ್ತೆ ಹೋಗಬೇಕು. ಹಾಗೆ ತಂದರೆ ಅರ್ಧ ಹುಳುವಿಗೆ ಸಾಕಾಗಬಹುದು, ಉಳಿದರ್ಧವನ್ನು ತಿಪ್ಪೆಗೆ ಎತ್ತಿ ಹಾಕಬೇಕಾದೀತು ಎಂದು ಭಾನುಪ್ರಿಯಾ ಹೇಳಿದ್ದಳು.

ನಡು ನೀರಿನಲ್ಲಿ ಜೀಪು ಮೂಗು ತಗ್ಗಿಸಿಕೊಂಡು ನಿಂತಲ್ಲೇ ನಿಂತಿತ್ತು. ಮಂಜೇಶ ಕೆಲಸಕ್ಕೆ ಹೋಗದೆ, ಕೊಂಡಪ್ಪ ಟ್ರ್ಯಾಕ್ಟರು ತಂದು ದಡದಿಂದ ಹಗ್ಗ ಎಸೆಯುವುದನ್ನೇ ಕಾಯುತ್ತ, ಸೊಂಟದುದ್ದ ನೀರಲ್ಲಿ ನಿಂತು ಮುರಿದ ರೆಕ್ಕೆಗಳನ್ನು ಬಿಡಿಸುತ್ತಿದ್ದ. ಕೆಂಪರಾಜು ಮೊದಲ ಹೊರೆ ಹೊತ್ತು ಬರುವಾಗ ಅಲ್ಲೇ ಸೆಳೆತ ಜೋರಾಗಿ ಕಾಲ ಕೆಳಗಿನ ಮರಳು ಜಾರಿತು. ಹೊರೆ ವಾಲಿತು. ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ. ಒಂದು ಕೈಯಲ್ಲಿ ಹೊರೆ ಹಿಡಿದು ಇನ್ನೊಂದರಿಂದ ಜೀಪಿನ ಪಕ್ಕದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮಂಜೇಶ ತಲೆ ಎತ್ತಿದ. ಆ ಕೈಯನ್ನು ನೋಡಿದ. ಆಮೇಲೆ, ಅಷ್ಟು ವರ್ಷಗಳ ನಂತರ ಮೊದಲ ಸಲ, ನಡುವೆ ಯಾರನ್ನೂ ನಿಲ್ಲಿಸಿಕೊಳ್ಳದೆ ಅಣ್ಣನ ಕಣ್ಣನ್ನೇ ನೋಡಿ ಮಾತಾಡಿದ.

"ಕೈ ತೆಗಿ."

ಕೆಂಪರಾಜು ಕೈ ತೆಗೆದ. ನೀರು ಮೊಣಕಾಲಿನ ಹಿಂದಿನಿಂದ ಒದೆಯುತ್ತಿತ್ತು. ಕಾಲ ಹೆಬ್ಬೆರಳಿನಿಂದ ನೆಲ ತಡವಿಕೊಂಡು ಒಂದು ಕಾಲು ಊರಿ, ಅದು ನಿಂತ ಮೇಲೆ ಇನ್ನೊಂದನ್ನು ಊರಿ, ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದಡದ ಕಡೆ ಹೋದ. ಸಂಜೆಯವರೆಗೆ ಅವನು ಅದೇ ದಾರಿಯಲ್ಲಿ ಬಂದು ಹೋಗಬೇಕಿತ್ತು.